ನಾಲ್ಕನೇ ಲಿಫ್ಟಿನ ಎಂಟು ವೈರು

ಮಾರ್ಚ್ 2

ಈ ನೋಟ್‌ಬುಕ್ಕು ಆಸ್ಪತ್ರೆಯ ನರ್ಸಮ್ಮ ಕೊಟ್ಟದ್ದು. ದಿನಾ ಮಾತ್ರೆ ನುಂಗಿದ ಮೇಲೆ ಇದರಲ್ಲಿ ಒಂದು ಗೀಟು ಹಾಕಬೇಕಂತೆ. ಐವತ್ತಮೂರು ವರ್ಷದ ಮನುಷ್ಯ ನಾನು, ಇಪ್ಪತ್ತೊಂಬತ್ತು ವರ್ಷದಿಂದ ಕರೆಂಟಿನ ಜೊತೆ ಸಂಸಾರ ಮಾಡಿಕೊಂಡು ಬಂದಿದ್ದೇನೆ, ಈಗ ಗೀಟು ಹಾಕುವ ಕೆಲಸ. ಗೀಟಿಗಿಂತ ನಾಲ್ಕು ಮಾತು ಬರೆಯುವುದೇ ವಾಸಿ ಅನ್ನಿಸಿತು. ಹೇಗೂ ಯಾರಿಗೂ ತೋರಿಸುವುದಿಲ್ಲ.

ಜನವರಿಯ ಕೆಮ್ಮು ಕ್ಷಯ ಅಂತ ಗೊತ್ತಾಯಿತು. ಆರು ತಿಂಗಳ ಮಾತ್ರೆ. ಜುಲೈ ಮಧ್ಯಕ್ಕೆ ಮುಗಿಯುತ್ತದೆ. ಈಗ ನನ್ನಿಂದ ಯಾರಿಗೂ ಅಂಟುವುದಿಲ್ಲ, ಕೆಲಸಕ್ಕೆ ಹೋಗಬಹುದು ಅಂತ ಡಾಕ್ಟರು ಹೇಳಿದ ಮೇಲೆಯೇ ಹೋಗಲು ಶುರು ಮಾಡಿದ್ದು. ಕಾರ್ಖಾನೆಯಲ್ಲಿ ಮಾತ್ರ ನ್ಯುಮೋನಿಯಾ ಅಂದಿದ್ದೇನೆ. ಕ್ಷಯ ಅಂದರೆ ಜನ ಲೋಟ ಬೇರೆ ಇಡುತ್ತಾರೆ. ನನ್ನವಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವಳ ತಮ್ಮನಿಗೂ ಹೇಳಿಲ್ಲ. ಅವನೂ ನಮ್ಮ ಕಾರ್ಖಾನೆಯಲ್ಲೇ ಇರುವುದು, ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ನರ್ಸಮ್ಮ ಇವತ್ತು ಮತ್ತೆ ಪಾಠ ಒಪ್ಪಿಸಿದರು. "ಮೂತ್ರ ಕೆಂಪಗೆ ಬರತ್ತೆ, ಗಾಬರಿ ಆಗ್ಬೇಡಿ. ಕೈಕಾಲು ಜೋಮು ಹಿಡಿದ್ರೆ ಹೇಳಿ. ಕಣ್ಣು ಮಂಜಾದ್ರೆ, ಬಣ್ಣ ಮಾಸಿದ ಹಾಗೆ ಕಂಡ್ರೆ, ಅವತ್ತೇ ಬಂದು ಹೇಳಿ. ಆ ಮಾತ್ರೆ ಬದಲಾಯಿಸ್ಬೇಕಾಗತ್ತೆ." ಎಲ್ಲದಕ್ಕೂ ತಲೆಯಾಡಿಸಿದೆ. ಇಷ್ಟೆಲ್ಲ ನೆನಪಿಟ್ಟುಕೊಳ್ಳುವುದಾದರೆ ನಾನೇ ಡಾಕ್ಟರಾಗುತ್ತಿದ್ದೆ.

ಮಾರ್ಚ್ 8, ಭಾನುವಾರ

ಇವತ್ತು ಒಂದನೇ ಲಿಫ್ಟು ಮುಗಿಸಿದೆ.

ನಮ್ಮದು ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆ. ನೆಲಮಹಡಿಯಿಂದ ಮೂರನೇ ಮಹಡಿಗೆ ಮುಚ್ಚಳದ ಪೆಟ್ಟಿಗೆಗಳನ್ನು ಸಾಗಿಸಲು ಐದು ಸರಕು ಲಿಫ್ಟುಗಳಿವೆ. ಹಳೆ ಸ್ವಿಚ್ಚುಗಳು ಸವೆದು, ಲಿಫ್ಟು ಮಹಡಿಗೆ ಒಂದು ಗೇಣು ಮೇಲೋ ಕೆಳಗೋ ನಿಲ್ಲುತ್ತಿತ್ತು. ಅದಕ್ಕೇ ಈಗ ಎನ್‌ಕೋಡರ್ ಕೂರಿಸುವುದು. ಮುಷ್ಟಿಗಾತ್ರದ ಒಂದು ಡಬ್ಬಿ. ಮೋಟಾರಿನ ಶಾಫ್ಟಿನ ತುದಿಗೆ ಕೂತು, ಅದು ಎಷ್ಟು ಸುತ್ತಿತು, ಯಾವ ಕಡೆಗೆ ಸುತ್ತಿತು ಅಂತ ಎಣಿಸಿ ಪ್ಯಾನೆಲ್ಲಿಗೆ ಹೇಳುತ್ತದೆ. ಆ ಎಣಿಕೆ ನೋಡಿಕೊಂಡೇ ಲಿಫ್ಟು ಎಲ್ಲಿ ನಿಧಾನವಾಗಬೇಕು, ಎಲ್ಲಿ ನಿಲ್ಲಬೇಕು ಅಂತ ಪ್ಯಾನೆಲ್ಲು ತೀರ್ಮಾನಿಸುತ್ತದೆ. ತಿಂಗಳಿಗೊಮ್ಮೆ, ಎರಡನೇ ಭಾನುವಾರ ಮಾತ್ರ ಕಾರ್ಖಾನೆ ನಿಲ್ಲುವುದರಿಂದ ತಿಂಗಳಿಗೊಂದು ಲಿಫ್ಟು.

ಕೆಲಸ ಹೇಗೆ ಮಾಡಬೇಕೋ ಹಾಗೆ ಮಾಡಿದೆ. ಮೊದಲು ಮೇನ್ ಸ್ವಿಚ್ ಇಳಿಸಿ ನನ್ನ ಬೀಗ ಹಾಕಿದೆ. ನಮಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಕೆಂಪು ಬೀಗ, ಅದಕ್ಕೆ ನಮ್ಮ ಫೋಟೊದ ಚೀಟಿ, ಒಂದು ಬೀಗಕ್ಕೆ ಒಂದೇ ಕೈ, ಅದು ಅವರವರ ಹತ್ತಿರವೇ. ಹಾಕಿದವನೇ ತೆಗೆಯಬೇಕು, ಮಾಲೀಕನೇ ಬಂದರೂ ಬೇರೆಯವರು ಮುಟ್ಟುವ ಹಾಗಿಲ್ಲ. ಆಮೇಲೆ ಟೆಸ್ಟರ್ ಹಿಡಿದು ಕರೆಂಟು ಸತ್ತಿದೆಯೇ ನೋಡಿದೆ. ಎನ್‌ಕೋಡರನ್ನು ಶಾಫ್ಟಿಗೆ ಕೈಯಲ್ಲೇ ಮೆಲ್ಲಗೆ ಕೂರಿಸಿದೆ, ಕೂಸಿಗೆ ಟೋಪಿ ಹಾಕಿದ ಹಾಗೆ. ಸುತ್ತಿಗೆ ಮುಟ್ಟಿಸಿದರೆ ಒಳಗಿನ ಗಾಜಿನ ಬಿಲ್ಲೆ ಸೀಳುತ್ತದೆ. ಅದರ ಕೇಬಲ್ಲನ್ನು ಮೋಟಾರಿನ ದಪ್ಪ ಕೇಬಲ್ಲಿನಿಂದ ದೂರ ಎಳೆದು, ಕೇಬಲ್ಲಿನ ಜಾಲರಿಯನ್ನು ಪ್ಯಾನೆಲ್ಲಿನ ಕಡೆ ಮಾತ್ರ ಅರ್ಥಿಂಗಿಗೆ ಕೊಟ್ಟೆ. ಆ ಜಾಲರಿಯೊಳಗೆ ಹೊಲಿಗೆ ದಾರದಷ್ಟು ಸಣ್ಣ ಎಂಟು ವೈರು. ಬಿಳಿ ಕಂದು, ಹಸಿರು ಹಳದಿ, ಬೂದು ಗುಲಾಬಿ, ನೀಲಿ ಕೆಂಪು. ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ.

ನಮ್ಮ ಸೂಪರ್‌ವೈಸರ್ ಮೇಡಂ ವಯಸ್ಸಿನಲ್ಲಿ ಚಿಕ್ಕವರು, ನಿಯಮದಲ್ಲಿ ಅಜ್ಜಿ. ಒಬ್ಬರು ವೈರು ಕೊಟ್ಟ ಮೇಲೆ ಇನ್ನೊಬ್ಬರು ಬಣ್ಣ ಬಣ್ಣಕ್ಕೂ ತಾಳೆ ನೋಡಿ ಫಾರಂನಲ್ಲಿ 'ಪರಿಶೀಲಿಸಿದವರು' ಅನ್ನುವ ಕಡೆ ಸಹಿ ಹಾಕಬೇಕಂತೆ. ಆಮೇಲೆ ನಿಧಾನ ವೇಗದಲ್ಲಿ ಟ್ರಯಲ್ ಮಾಡಿ, ಲಿಫ್ಟು ಮೇಲೆ ಹೋದಂತೆ ಪ್ಯಾನೆಲ್ಲಿನ ಅಂಕಿಯೂ ಏರುತ್ತದೆಯೇ ನೋಡಬೇಕಂತೆ. ಪರಿಶೀಲನೆಗೆ ನಿಂತವನು ನನ್ನ ಭಾವಮೈದ. ಲಿಫ್ಟು ಓಡಿಸುವವನು ಅವನೇ. ಒಂದು ಕಡೆ ನಿಲ್ಲದ ಆಸಾಮಿ, ಅದಕ್ಕೇ ಕಾರ್ಖಾನೆಯಲ್ಲಿ ಅವನಿಗೆ ಗಿರಗಿಟ್ಲೆ ಅಂತ ಹೆಸರು.

"ನೋಡು, ಬಣ್ಣ ತಾಳೆ ನೋಡು" ಅಂದೆ.

"ನೀವು ಮಾಡಿದ್ದಕ್ಕೆ ನಾನೇನ್ ನೋಡ್ಲಿ ಭಾವ? ಫಾರಂ ಕೊಡಿ" ಅಂದು ಸಹಿ ಗೀಚಿದ. ಟ್ರಯಲ್ಲಿನಲ್ಲಿ ಲಿಫ್ಟು ಮಹಡಿಗೆ ಸರಿಯಾಗಿ ಬಂದು ನಿಂತಿತು. ಅವನು ಹೊಸ್ತಿಲ ಮೇಲೆ ಒಂದು ಮುಚ್ಚಳ ಇಟ್ಟು ನೋಡಿದ, ಅದು ಅಲುಗಲಿಲ್ಲ. ಸಂತೋಷವಾಯಿತು.

ಮಾರ್ಚ್ 29

ಮಾತ್ರೆಯ ದೆಸೆಯಿಂದ ಬಾಯಿ ಕಹಿ. ಸಂಜೆ ಟೊಮೇಟೊ ತಂದೆ. ನನ್ನವಳು ಚೀಲ ಬಗ್ಗಿಸಿ, "ರೀ, ಹಣ್ಣು ತನ್ನಿ ಅಂದ್ರೆ ಕಾಯಿ ತಂದಿದೀರಲ್ಲ, ಅರ್ಧಕ್ಕರ್ಧ ಹಸಿರು" ಅಂದಳು. ಅಂಗಡಿಯವನು ಕಾಯಿಗಳನ್ನು ಅಡಿಗೆ ಹಾಕಿ ಟೋಪಿ ಹಾಕಿದ್ದಾನೆ. ಇನ್ನು ಆ ಅಂಗಡಿಗೆ ಹೋಗುವುದಿಲ್ಲ.

ಏಪ್ರಿಲ್ 12, ಭಾನುವಾರ

ಎರಡನೇ ಲಿಫ್ಟು ಕೈ ಕೊಟ್ಟಿತು. ಎಲ್ಲ ಸರಿಯಾಗಿ ಕೊಟ್ಟು, ಗಿರಗಿಟ್ಲೆ ಸಹಿಯೂ ಹಾಕಿ, ಬೀಗ ತೆಗೆದು ಸ್ವಿಚ್ ಏರಿಸಿದ ಮರುಕ್ಷಣ ಎನ್‌ಕೋಡರಿನಿಂದ ಸುಟ್ಟ ವಾಸನೆ. ಹೊಸ ಪೀಸು ಸತ್ತಿತು.

ಮೇಡಂ ಬಂದು ಮೂಸಿ ನೋಡಿ, "ಕಂದು ಪ್ಲಸ್ ಸಪ್ಲೈ, ಹಸಿರು ಸಿಗ್ನಲ್. ಅವೆರಡೂ ಅದಲು ಬದಲಾದ್ರೆ ಹೀಗಾಗತ್ತೆ" ಅಂದರು.

"ನನಗೆ ಕಂದು ಯಾವುದು ಹಸಿರು ಯಾವುದು ಗೊತ್ತಿಲ್ವಾ ಮೇಡಂ?" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ. ಪೀಸೇ ಕೆಟ್ಟದ್ದು ಅಂತ ಬರೆದು ಕಳಿಸಿದೆವು. ಇನ್ನೊಂದನ್ನು ಕೂರಿಸಿದೆ, ಅದು ಸರಿಯಾಗಿ ಓಡಿತು. ಹಾಗಾದರೆ ಪೀಸೇ ಕೆಟ್ಟದ್ದು ಅಂತಾಯಿತಲ್ಲ.

ಮೆಟ್ಟಿಲು ಹತ್ತಿ ಇಳಿದು ಎದೆಯಲ್ಲಿ ಸಿಳ್ಳೆ ಹೊಡೆದ ಹಾಗಾಗುತ್ತಿತ್ತು. ಗಿರಗಿಟ್ಲೆ ನನ್ನ ಸಲಕರಣೆಯ ಚೀಲವನ್ನು ಕೇಳದೆಯೇ ಹೊತ್ತುಕೊಂಡ. "ನ್ಯುಮೋನಿಯಾ ನಿಮ್ಮನ್ನ ಚೆನ್ನಾಗೇ ಹಿಂಡಿದೆ ಭಾವ" ಅಂದ. ಹೇಳಿಬಿಡೋಣ ಅನ್ನಿಸಿತು. ಹೇಳಲಿಲ್ಲ.

ಏಪ್ರಿಲ್ 20

ಮೋಟಾರ್ ಕೋಣೆಯ ಟ್ಯೂಬ್‌ಲೈಟು ಬದಲಾಯಿಸಿದೆ. ಹೊಸದೂ ಮಂಕು.

ಮೇ 6

ಆಸ್ಪತ್ರೆ. ತೂಕ ಎರಡು ಕೆಜಿ ಏರಿದೆ. ಕಫದಲ್ಲಿ ಏನೂ ಇಲ್ಲ. ಡಾಕ್ಟರು ಬೆನ್ನು ತಟ್ಟಿದರು. ನರ್ಸಮ್ಮ "ಕಣ್ಣು ಹೇಗಿದೆ?" ಅಂದರು. "ಹದ್ದಿನ ಕಣ್ಣು" ಅಂದೆ. ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕೊನೆಯ ಸಾಲು ಊಹೆಯ ಮೇಲೆ ಓದಿದೆ, ಅದನ್ನು ಯಾರು ತಾನೇ ಓದುತ್ತಾರೆ? ಬಣ್ಣದ ಚುಕ್ಕೆಗಳ ಪುಸ್ತಕ ಒಂದಿದೆಯಂತೆ, ಅದನ್ನು ಬೇರೆ ವಾರ್ಡಿನವರು ಒಯ್ದಿದ್ದರು. "ಮುಂದಿನ ಸಲ ನೋಡೋಣ" ಅಂದರು. ಸರದಿಯಲ್ಲಿ ನನ್ನ ಹಿಂದೆ ಇಪ್ಪತ್ತು ಜನ ಇದ್ದರು, ನನಗೂ ಹೊರಟರೆ ಸಾಕಾಗಿತ್ತು.

ಮೇ 10, ಭಾನುವಾರ

ಮೂರನೇ ಲಿಫ್ಟು. ನಿಧಾನದ ಟ್ರಯಲ್ಲಿನಲ್ಲಿ ಲಿಫ್ಟು ಮೇಲಕ್ಕೆ, ಅಂಕಿ ಕೆಳಕ್ಕೆ. ಬೂದು, ಗುಲಾಬಿ ಎರಡನ್ನೂ ಬಿಚ್ಚಿ ಅದಲು ಬದಲು ಮಾಡಿದೆ, ಸರಿಹೋಯಿತು. ಅಲ್ಲಿಗೆ ತಯಾರಿಸಿದವರೇ ಬಣ್ಣ ತಪ್ಪಾಗಿ ಹಾಕಿದ್ದಾರೆ. ಈಗಿನ ಕಾಲದ ಬಣ್ಣಗಳೇ ಹಾಗೆ, ಬೂದು ಅಂದರೂ ಒಂದೇ ಗುಲಾಬಿ ಅಂದರೂ ಒಂದೇ, ಎಲ್ಲ ತೊಳೆದು ಹಾಕಿದ ಹಾಗಿರುತ್ತದೆ. ನಮ್ಮ ಕಾಲದ ವೈರು ನೋಡಿದರೆ ಕಣ್ಣಿಗೆ ಹೊಡೆಯುತ್ತಿತ್ತು.

ಮೇಡಂ ವೈರಿನ ತುದಿಗಳಿಗೆ ನಂಬರ್ ಇರುವ ಪುಟ್ಟ ಪ್ಲಾಸ್ಟಿಕ್ ಉಂಗುರ ಹಾಕಿ ಅಂತ ಒಂದು ಡಬ್ಬಿ ತಂದುಕೊಟ್ಟರು. ಅವು ಹೊಸಬರಿಗೆ. ಡಬ್ಬಿ ಇನ್ನೂ ಚೀಲದಲ್ಲೇ ಇದೆ.

ಮೇ 27

ಒಂದು ಒಳ್ಳೆಯ ಸುದ್ದಿ. ಮೂತ್ರ ಕೆಂಪಗೆ ಬರುವುದು ನಿಂತಿದೆ. ದೇಹ ಮಾತ್ರೆಗೆ ಒಗ್ಗಿಕೊಂಡಿತು ಅಂತ ಕಾಣುತ್ತದೆ. ಇನ್ನು ಏಳು ವಾರ.

ಈ ನೋಟ್‌ಬುಕ್ಕಿನ ಗೆರೆಗಳನ್ನು ತುಂಬ ತಿಳಿಯಾಗಿ ಅಚ್ಚು ಹಾಕಿದ್ದಾರೆ. ಅಕ್ಷರ ಗೆರೆ ಬಿಟ್ಟು ಏರಿ ಇಳಿಯುತ್ತಿದೆ. ಸರ್ಕಾರಿ ಪುಸ್ತಕ, ಇನ್ನೇನು.

ಜೂನ್ 14, ಭಾನುವಾರ

ಇವತ್ತು ಬರೆಯಲು ಆಗುವುದಿಲ್ಲ. ಗಿರಗಿಟ್ಲೆಯ ಬಲಗೈ.

ಮಾತ್ರೆ ನುಂಗಿದೆ.

ಜೂನ್ 15

ನಾಲ್ಕನೇ ಲಿಫ್ಟು. ವೈರು ಕೊಟ್ಟೆ. ಬಿಳಿ ಕಂದು, ಹಸಿರು ಹಳದಿ, ಬೂದು ಗುಲಾಬಿ, ನೀಲಿ ಕೆಂಪು. ಅವನು ಸಹಿ ಹಾಕಿದ. ಬೀಗ ತೆಗೆದೆ. ಹೊತ್ತಾಗಿತ್ತು, ನೆಲಮಹಡಿಯಲ್ಲಿ ಮಾರನೇ ದಿನದ ಕೆಲಸಕ್ಕೆಂದು ಪೆಟ್ಟಿಗೆ ತುಂಬಿದ ತಳ್ಳುಗಾಡಿ ಲಿಫ್ಟಿನೊಳಗೆ ಕಾಯುತ್ತಿತ್ತು. ಅವನು ಮೂರನೇ ಮಹಡಿಯ ಗೇಟಿನ ಹತ್ತಿರ ನಿಂತು ಬಟನ್ ಒತ್ತಿದ. ಲಿಫ್ಟು ಬಂತು. ನಿಧಾನವಾಗಬೇಕಾದ ಜಾಗದಲ್ಲಿ ನಿಧಾನವಾಗಲಿಲ್ಲ. ಮಹಡಿಯನ್ನು ದಾಟಿ ಅದೇ ವೇಗದಲ್ಲಿ ಮೇಲಕ್ಕೆ ಹೋಗಿ, ತುದಿಯಲ್ಲಿದ್ದ ಹಳೆಯ ಸ್ವಿಚ್ಚಿಗೆ ಬಡಿದು ಗಕ್ಕನೆ ನಿಂತಿತು. ಆ ಹೊಡೆತಕ್ಕೆ ತಳ್ಳುಗಾಡಿ ಉರುಳಿ ಸೊಂಟದೆತ್ತರದ ಗೇಟಿನ ಮೇಲಿಂದ ಹೊರಕ್ಕೆ ಬಿತ್ತು. ಗೇಟಿನ ಕಂಬಿಯ ಮೇಲೆ ಅವನ ಕೈ ಇತ್ತು.

ನಾನು ಮೋಟಾರ್ ಕೋಣೆಯಿಂದ ಇಳಿದು ಬರುವಷ್ಟರಲ್ಲಿ ಅವನು ಮುಚ್ಚಳಗಳ ರಾಶಿಯ ನಡುವೆ ಕೂತಿದ್ದ. ಎಂದೂ ಒಂದು ಕಡೆ ಕೂರದವನು ಸುಮ್ಮನೆ ಕೂತಿದ್ದ. "ಭಾವ, ಅಕ್ಕಂಗೆ ಈಗ್ಲೇ ಹೇಳ್ಬೇಡಿ" ಅಂದ. ಅವನ ಸುತ್ತಲಿನ ಮುಚ್ಚಳಗಳನ್ನು ಹೆಕ್ಕುತ್ತಾ ನಿಂತಿದ್ದೆನಂತೆ, ಮೇಡಂ ಆಮೇಲೆ ಹೇಳಿದರು.

ಮಣಿಕಟ್ಟಿನ ಎರಡು ಮೂಳೆ ಮುರಿದಿವೆ. ಆಪರೇಷನ್ ಆಯಿತು.

ಜೂನ್ 18

ಮೇಡಂ ನನ್ನನ್ನು ಪ್ಯಾನೆಲ್ಲಿನ ಮುಂದೆ ನಿಲ್ಲಿಸಿ, "ಇನ್ನೊಂದು ಸಲ ನೋಡಿ ಹೇಳಿ, ವೈರಿಂಗ್ ಸರಿ ಇದ್ಯಾ?" ಅಂದರು. ಅಷ್ಟರಲ್ಲಿ ಮೇಲಿನವರ ಫೋನು ಬಂದು ಅವರು ಆಚೆ ಹೋದರು. ಟಾರ್ಚ್ ಹಿಡಿದು ಒಂದೊಂದನ್ನೂ ನೋಡಿದೆ. ಬೂದು ಬೂದುವಿನ ಜಾಗದಲ್ಲಿದೆ, ಗುಲಾಬಿ ಗುಲಾಬಿಯ ಜಾಗದಲ್ಲಿದೆ. ಕಣ್ಣಾರೆ ನೋಡಿದ್ದೇನೆ. ವೈರಿಂಗ್ ಸರಿಯಿದೆ ಅಂತ ವರದಿ ಬರೆದು ಸಹಿ ಹಾಕಿದೆ. ಸುಳ್ಳು ಬರೆಯುವವನಲ್ಲ ನಾನು.

ಅವರು ಮತ್ತೇನೂ ಮುಟ್ಟಲಿಲ್ಲ. ಎನ್‌ಕೋಡರ್ ಕಂಪನಿಯವನು ತಿಂಗಳ ಕೊನೆಗೆ ಬರುವವರೆಗೆ ನಾಲ್ಕನೇ ಲಿಫ್ಟಿಗೆ ಕಾರ್ಖಾನೆಯ ಬೀಗ.

ನಿಧಾನದ ಟ್ರಯಲ್ ಏಕೆ ಮಾಡಲಿಲ್ಲ ಅಂತ ಒಂದು ಪ್ರಶ್ನೆ ಫಾರಂನಲ್ಲಿತ್ತು. ಆ ಜಾಗ ಖಾಲಿ ಬಿಟ್ಟೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಜೂನ್ 22

ನಿದ್ದೆಯಿಲ್ಲ. ಮಾತ್ರೆ ಒಳಗಿಳಿಯುವುದಿಲ್ಲ, ಆದರೂ ನುಂಗುತ್ತೇನೆ. ಇಷ್ಟು ದಿನ ಕಳೆದಾಗಿದೆ, ಇನ್ನು ಮೂರು ವಾರಕ್ಕೆ ಏನನ್ನೂ ಬದಲಾಯಿಸುವುದು ಬೇಡ.

ಓಡಿಸು ಅಂದದ್ದು ನಾನೇ. "ಟ್ರಯಲ್ಲೂ ಬೇಡ ಗಿಯಲ್ಲೂ ಬೇಡ, ನನ್ನ ಕೈಲಿ ತಪ್ಪಾಗಲ್ಲ, ನೇರ ಓಡಿಸು" ಅಂದೆ. ಪ್ಯಾನೆಲ್ಲಿನ ಹತ್ತಿರ ನಿಂತು ಅಂಕಿ ನೋಡಲು ಮತ್ತೆ ಮೂರು ಮಹಡಿ ಇಳಿದು ಹತ್ತಬೇಕಿತ್ತು. ನನಗೆ ಉಸಿರಿರಲಿಲ್ಲ. ಅದನ್ನು ಅವನ ಮುಂದೆ ಹೇಳಿಕೊಳ್ಳಲು ನಾಚಿಕೆಯಾಯಿತು.

ಜೂನ್ 26

ಅವನು ಮನೆಗೆ ಬಂದಿದ್ದ. ಮೊಣಕೈವರೆಗೂ ಪ್ಲಾಸ್ಟರ್. ಅಕ್ಕನ ಕೈಯಲ್ಲಿ ಊಟ ಮಾಡಿಸಿಕೊಂಡು, ಅವಳನ್ನು ಗೋಳು ಹೊಯ್ದುಕೊಂಡು ಕೂತಿದ್ದ. "ಸಣ್ಣವನಿದ್ದಾಗ ಇಷ್ಟು ಚೆನ್ನಾಗಿ ಉಣಿಸಲಿಲ್ಲ ನೀನು." ಅವಳು "ಬಾಯಿ ಮುಚ್ಕೊಂಡು ತಿನ್ನೋ" ಅಂದು ಕಣ್ಣು ಒರೆಸಿಕೊಂಡಳು.

ಜೇಬಿನಿಂದ ಒಂದು ಹಿಡಿ ಮುಚ್ಚಳ ತೆಗೆದು ಮೇಜಿನ ಮೇಲೆ ಸುರಿದ. ಅವತ್ತು ಅವನ ಅಂಗಿಯ ಜೇಬಿಗೆ ಬಿದ್ದವಂತೆ. ಎಡಗೈ ಪಳಗಲಿ ಅಂತ ಡಾಕ್ಟರು ಸಣ್ಣಪುಟ್ಟ ಸಾಮಾನು ಹೆಕ್ಕಲು ಹೇಳಿದ್ದಾರೆ. ಬಣ್ಣದ ಪ್ರಕಾರ ಸಾಲಾಗಿ ಜೋಡಿಸುತ್ತಿದ್ದ. ಎರಡು ಮುಚ್ಚಳ ಉರುಳಿ ನನ್ನ ಕಾಲ ಹತ್ತಿರ ಬಂದವು.

"ಭಾವ, ಅಲ್ಲಿ ಎರಡಿವೆ ನೋಡಿ, ಆ ಗುಲಾಬಿದು ಕೊಡಿ."

ಕೊಟ್ಟೆ.

ಅವನು ಅದನ್ನು ಹಿಡಿದುಕೊಂಡು ನನ್ನ ಮುಖ ನೋಡಿದ. ಆಮೇಲೆ ಸಾಲಿನಿಂದ ಇನ್ನೊಂದು ಎತ್ತಿ ತೋರಿಸಿದ. "ಇದು?"

"ಬೂದು" ಅಂದೆ.

ಇನ್ನೊಂದು. "ಇದು?"

"ಕಂದು. ಏನಯ್ಯಾ ಇದು, ಒಂದನೇ ಕ್ಲಾಸಿನ ಪರೀಕ್ಷೆ?"

ಅವನು ನಗಲಿಲ್ಲ. ನನ್ನವಳು ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದುಕೊಂಡು ನಿಂತಿದ್ದಳು. "ರೀ, ಅದು ಹಸಿರು" ಅಂದಳು. "ಮೊದ್ಲು ಕೊಟ್ಟಿದ್ದು ಬೂದು. ಆಮೇಲೆ ಬೂದು ಅಂದ್ರಲ್ಲ, ಅದು ಗುಲಾಬಿ."

ಆಮೇಲೆ ಅವಳು ಮಾತ್ರೆಯ ವಿಷಯವನ್ನು ತಮ್ಮನಿಗೆ ಹೇಳಿದಳು. ಎಲ್ಲವನ್ನೂ ಹೇಳಿದಳು. ಕ್ಷಯ ಅಂತಲೂ ಹೇಳಿದಳು. ನಾನು ತಡೆಯಲಿಲ್ಲ. ಅವನು ನನ್ನ ಲೋಟದಲ್ಲಿ ಉಳಿದಿದ್ದ ಚಹಾವನ್ನೇ ಕುಡಿದು, "ಇಷ್ಟಕ್ಕೆ ಮುಚ್ಚಿಟ್ರಾ ಭಾವ?" ಅಂದ.

ನಾನು ಎದ್ದು ಹೋಗಿ ಬಚ್ಚಲಲ್ಲಿ ನಿಂತೆ. ಕಾರ್ಖಾನೆಯಲ್ಲಿ ಎಷ್ಟು ವೈರು ಮುಟ್ಟಿದ್ದೇನೆ ಈ ನಾಲ್ಕು ತಿಂಗಳಲ್ಲಿ ಅಂತ ಎಣಿಸಲು ಹೋದೆ. ಲೆಕ್ಕ ಹತ್ತಲಿಲ್ಲ.

ಜೂನ್ 27

ಆಸ್ಪತ್ರೆ. ಚುಕ್ಕೆಗಳ ಪುಸ್ತಕ ಸಿಕ್ಕಿತು. ಹದಿನೇಳು ಪುಟದಲ್ಲಿ ಎರಡು ಓದಿದೆ. ಆ ಮಾತ್ರೆ ಇವತ್ತಿನಿಂದಲೇ ಬಂದ್. ಮಿಕ್ಕವು ಮುಂದುವರಿಯುತ್ತವೆ.

"ಬಣ್ಣ ವಾಪಸ್ ಬರತ್ತಾ?" ಅಂತ ಕೇಳಿದೆ.

"ಬರಬಹುದು. ಕೆಲವರಿಗೆ ತಿಂಗಳುಗಟ್ಟಲೆ ಬೇಕಾಗತ್ತೆ. ಕೆಲವರಿಗೆ ಪೂರ್ತಿ ಬರಲ್ಲ" ಅಂದರು ಡಾಕ್ಟರು. "ಮೊದಲೇ ಹೇಳಿದ್ರೆ ಚೆನ್ನಾಗಿತ್ತು."

ನರ್ಸಮ್ಮ ನನ್ನ ಕಡೆ ನೋಡಲಿಲ್ಲ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು.

ಜೂನ್ 29

ಮೇಡಂ ಹತ್ತಿರ ಹೋಗಿ ನಿಂತು ಹೇಳಿದೆ. ಕ್ಷಯ, ಮಾತ್ರೆ, ಕಣ್ಣು, ಬೂದು, ಗುಲಾಬಿ. ಟ್ರಯಲ್ ಬೇಡ ಅಂದದ್ದು ನಾನು ಅಂತಲೂ ಹೇಳಿದೆ. ಬರೆದುಕೊಂಡೂ ಹೋಗಿದ್ದೆ, ನನ್ನವಳ ಕೈಯಲ್ಲಿ ಬರೆಸಿದ ಕಾಗದ.

ಅವರು ಓದಿ, ಕಣ್ಣು ಉಜ್ಜಿಕೊಂಡು, ಡ್ರಾಯರಿನಿಂದ ಇನ್ನೊಂದು ಕಾಗದ ತೆಗೆದರು. ಗಿರಗಿಟ್ಲೆಯದು. ಎಡಗೈಯ ಕೋಳಿಕಾಲು ಅಕ್ಷರ. ತಾನೇ ಬಣ್ಣ ತಾಳೆ ನೋಡಿದ್ದು, ತಾನೇ ಸರಿಯಿದೆ ಅಂತ ಸಹಿ ಹಾಕಿದ್ದು, ಯಾರೂ ಹೇಳದೆ ತಾನೇ ಅವಸರಕ್ಕೆ ಟ್ರಯಲ್ ಬಿಟ್ಟು ಬಟನ್ ಒತ್ತಿದ್ದು, ಭಾವನವರ ತಪ್ಪೇನೂ ಇಲ್ಲ. ಇಪ್ಪತ್ತೇಳನೇ ತಾರೀಖಿನದು. ನಮ್ಮ ಮನೆಯಿಂದ ಹೋದ ಮಾರನೇ ದಿನವೇ ಬಂದು ಕೊಟ್ಟಿದ್ದಾನೆ.

"ಇದು ಮೇಲಿನವರಿಗೆ ಹೋಗಿದೆ" ಅಂದರು ಮೇಡಂ. "ಈ ತಿಂಗಳ ಕೊನೆಗೆ ನಿಮ್ಮ ಭಾವಮೈದನನ್ನ ಕೆಲಸದಿಂದ ತೆಗೀತಾರೆ. ನಿಮ್ಮ ವರದೀಲೂ ವೈರಿಂಗ್ ಸರಿ ಇದೆ ಅಂತಿದೆ. ಎರಡು ಕಾಗದ ಒಂದೇ ಮಾತು ಹೇಳ್ತಿವೆ. ಈಗ ಮೂರನೇದು ಕೊಟ್ರೆ ಯಾರು ನಂಬ್ತಾರೆ? ಸಂಬಂಧಿಕನನ್ನ ಉಳಿಸೋಕೆ ಹೇಳ್ತಿದೀರಿ ಅಂತಾರೆ."

"ಪ್ಯಾನೆಲ್ ತೆಗೆದು ನೀವೇ ನೋಡಿ ಮೇಡಂ."

"ಕಂಪನಿಯವನು ಬರೋವರೆಗೂ ಅದನ್ನ ಮುಟ್ಟಬೇಡಿ ಅಂತ ಬರವಣಿಗೆಯಲ್ಲಿ ಬಂದಿದೆ. ಅವನು ಬರೋದು ಮುಂದಿನ ವಾರಕ್ಕೆ ಹೋಯ್ತು. ನನ್ನ ಕೈಲಿ ಏನೂ ಇಲ್ಲ."

ಅವರ ಕೈಯಲ್ಲಿ ಇಲ್ಲ, ನನ್ನ ಕೈಯಲ್ಲಂತೂ ಮೊದಲೇ ಇಲ್ಲ. ಹೊರಗೆ ಬಂದೆ. ಒಂದು, ಎರಡು, ಮೂರನೇ ಲಿಫ್ಟುಗಳು ಓಡುತ್ತಿದ್ದವು. ಮೂರಕ್ಕೂ ವೈರು ಕೊಟ್ಟವನು ನಾನು. ಎಲ್ಲೆಲ್ಲಿ ಏನೇನು ಎಡವಟ್ಟು ಮಾಡಿದ್ದೇನೋ ನನಗೇ ಗೊತ್ತಿಲ್ಲ. ಮೂರನೇದರ ಗೇಟಿನಲ್ಲಿ ಗಿರಗಿಟ್ಲೆಯ ಬದಲಿಗೆ ಬಂದವನೊಬ್ಬ ಕಂಬಿಯ ಮೇಲೆ ಕೈಯಿಟ್ಟು ನಿಂತಿದ್ದ. ಗಿರಗಿಟ್ಲೆಯೂ ಹಾಗೇ ನಿಲ್ಲುತ್ತಿದ್ದ.

ಐದೂ ಲಿಫ್ಟಿಗೆ ಕರೆಂಟು ಹೋಗುವ ಮೇನ್ ಸ್ವಿಚ್ ಕೆಳಗಿನ ಕೋಣೆಯಲ್ಲಿದೆ. ಎಲ್ಲ ಲಿಫ್ಟುಗಳೂ ಖಾಲಿಯಾಗಿ ಮಹಡಿಗೆ ಬಂದು ನಿಲ್ಲುವವರೆಗೆ ಕಾದೆ. ಸ್ವಿಚ್ ಇಳಿಸಿದೆ. ನನ್ನ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಸ್ವಿಚ್ಚಿನ ಕೆಳಗೆ ಒಂದು ಪೆಟ್ಟಿಗೆ ಎಳೆದುಕೊಂಡು ಕೂತೆ.

ಕಾರ್ಖಾನೆಗೆ ಕಾರ್ಖಾನೆಯೇ ಬಂತು. ಬೈದರು, ಬೇಡಿಕೊಂಡರು. ದೊಡ್ಡವರೊಬ್ಬರು ಬಂದು ಬೀಗ ಕತ್ತರಿಸಿ ಅಂದರು. ಮೇಡಂ ಮಾತ್ರ ಬಾಗಿಲಿಗೆ ಅಡ್ಡ ನಿಂತು, "ಹಾಕಿದವರೇ ತೆಗೀಬೇಕು ಸರ್. ಆ ನಿಯಮಕ್ಕೆ ನೀವೇ ಸಹಿ ಹಾಕಿದೀರಿ" ಅಂದರು.

"ಹೊರಗಿನ ಎಲೆಕ್ಟ್ರಿಷಿಯನ್ ಬಂದು ಒಂದೊಂದು ವೈರೂ ನೋಡ್ಲಿ. ನೋಡೋವರೆಗೂ ಬೀಗದ ಕೈ ಕೊಡಲ್ಲ" ಅಂದೆ. ಬೇರೆ ಮಾತು ನನಗೂ ತೋಚಲಿಲ್ಲ.

ಜುಲೈ 2

ಹೊರಗಿನವನು ಎರಡು ದಿನ ನೋಡಿದ. ಒಂದು, ಎರಡು ಸರಿ. ಮೂರನೇದರಲ್ಲಿ ವೈರು ಸರಿ, ಅರ್ಥಿಂಗ್ ಸ್ಕ್ರೂ ಸಡಿಲ. ಅದು ಕಣ್ಣಿನದ್ದಲ್ಲ, ಸೋಮಾರಿತನದ್ದು. ನಾಲ್ಕನೇದರಲ್ಲಿ ಬೂದು, ಗುಲಾಬಿ ಅದಲು ಬದಲು. ಲಿಫ್ಟು ಏರುತ್ತಿದ್ದಾಗ ಇಳಿಯುತ್ತಿದೆ ಅಂತ ಪ್ಯಾನೆಲ್ಲು ಎಣಿಸಿದೆ.

ಬೀಗ ತೆಗೆದು ಮೇಡಂ ಕೈಗೆ ಕೊಟ್ಟೆ. ಗಿರಗಿಟ್ಲೆಯ ಮೇಲಿನ ಕ್ರಮ ಕೈಬಿಟ್ಟರು, ನೋಡದೆ ಸಹಿ ಹಾಕಿದ್ದಕ್ಕೆ ಎಚ್ಚರಿಕೆಯ ಪತ್ರ ಕೊಟ್ಟರು. ನನ್ನ ಕಣ್ಣು ಸರಿಹೋಗುವವರೆಗೆ ನನಗೆ ರಜೆ, ಸಂಬಳವಿಲ್ಲ. ಸ್ಟೋರಿನಲ್ಲಿ ಕೂರುತ್ತೇನೆ ಅಂದೆ. ಅಲ್ಲಿ ಮುಚ್ಚಳಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುವ ಕೆಲಸವಂತೆ.

ಅವನ ಮೇಲೆ ಕೂಗಾಡಿದೆ. "ಯಾರು ಹೇಳಿದ್ರು ನಿನಗೆ ಆ ಕಾಗದ ಬರೆಯೋಕೆ?"

"ಸಹಿ ಹಾಕಿದ್ದು ನಾನೇ ತಾನೇ ಭಾವ? ನನ್ನ ಕಣ್ಣು ಚೆನ್ನಾಗಿತ್ತು. ಒಂದು ಸಲ, ಒಂದೇ ಒಂದು ಸಲ ನೋಡಿದ್ರೆ ಸಾಕಾಗಿತ್ತು" ಅಂದ.



ಜುಲೈ 16

ಮಾತ್ರೆಗಳೆಲ್ಲ ಮುಗಿದವು. ಎದೆ ವಾಸಿಯಾಗಿದೆಯಂತೆ. ಮನೆಯಲ್ಲಿ ಕೂತಿದ್ದೇನೆ. ನನ್ನವಳು ಕೆಲಸಕ್ಕೆ ಹೋದ ಮೇಲೆ ಕಪಾಟು ತೆಗೆದು ಬಟ್ಟೆಗಳನ್ನು ನೋಡುತ್ತೇನೆ. ಅವಳ ಶಾಲು ಯಾವ ಬಣ್ಣದ್ದು ಅಂತ ನೆನಪು ಮಾಡಿಕೊಳ್ಳುತ್ತೇನೆ. ಕಾಣುವುದಿಲ್ಲ, ನೆನಪಾಗುತ್ತದೆ.

ಆಗಸ್ಟ್ 9, ಭಾನುವಾರ

ಇವತ್ತು ಎರಡನೇ ಭಾನುವಾರ. ಐದನೇ ಲಿಫ್ಟನ್ನು ಬೇರೆಯವರು ಮಾಡುತ್ತಿರಬಹುದು. ನಂಬರಿನ ಉಂಗುರಗಳ ಡಬ್ಬಿಯನ್ನು ಮೇಡಂಗೆ ವಾಪಸ್ ಕಳಿಸಿದೆ.

ಗಿರಗಿಟ್ಲೆಯ ಪ್ಲಾಸ್ಟರ್ ತೆಗೆದಿದ್ದಾರೆ. ಮಣಿಕಟ್ಟು ಪೂರ್ತಿ ತಿರುಗುವುದಿಲ್ಲ. ಬಾಗಿಲ ಚಿಲಕ ತೆಗೆಯಲೂ ಎಡಗೈ. ವಾರಕ್ಕೆರಡು ಸಲ ಸಂಜೆ ಬಂದು, ಜೇಬಿನಿಂದ ಎರಡು ಮುಚ್ಚಳ ತೆಗೆದು ಮೇಜಿನ ಮೇಲಿಟ್ಟು, ಒಂದೇ ಬಣ್ಣವೋ ಬೇರೆ ಬೇರೆಯೋ ಅಂತ ನನ್ನನ್ನು ಕೇಳುತ್ತಾನೆ. ಆರು ವಾರದಿಂದ ನನ್ನ ಉತ್ತರ ಒಂದೇ: ಎರಡೂ ಒಂದೇ ಥರ ಕಾಣುತ್ತಿವೆ. ಅವನು "ಪರವಾಗಿಲ್ಲ ಭಾವ" ಅಂದು ಜೇಬಿಗೆ ಹಾಕಿಕೊಳ್ಳುತ್ತಾನೆ.

ಇವತ್ತು ಇಟ್ಟ. ತುಂಬ ಹೊತ್ತು ನೋಡಿದೆ. ಒಂದು ಸ್ವಲ್ಪ ಬೇರೆಯಾಗಿದೆ ಅನ್ನಿಸಿತು. ಬೆಚ್ಚಗಿದೆ ಅನ್ನಿಸಿತು, ಬೇರೆ ಮಾತು ಸಿಗುತ್ತಿಲ್ಲ.

"ಇವೆರಡೂ ಬೇರೆ ಬೇರೆ ಅಲ್ವೇನಯ್ಯಾ?" ಅಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು.

ಅವನು ಮುಚ್ಚಳಗಳನ್ನು ನೋಡಿದ, ನನ್ನನ್ನು ನೋಡಿದ. "ಹೌದು ಭಾವ" ಅಂದ. "ಬೇರೆ ಬೇರೆನೇ. ಇದು ಗುಲಾಬಿ, ಅದು ಬೂದು. ಬರ್ತಾ ಇದೆ ನಿಮಗೆ." ನನ್ನ ಭುಜ ಹಿಡಿದು ಅಲುಗಿಸಿ, ಚಹಾ ಕೂಡ ಕುಡಿಯದೆ ಹೊರಟುಹೋದ. ಮುಚ್ಚಳ ಮೇಜಿನ ಮೇಲೆಯೇ ಮರೆತಿದ್ದ.

ನನ್ನವಳು ಬಂದ ಕೂಡಲೇ ತೋರಿಸಿದೆ. "ಇದು ಗುಲಾಬಿ, ಅದು ಬೂದು, ಅಲ್ವಾ?"

ಅವಳು ಎರಡನ್ನೂ ಕಿಟಕಿಯ ಹತ್ತಿರ ಒಯ್ದು ನೋಡಿದಳು.

"ಎರಡೂ ಬೂದು ಕಣ್ರೀ" ಅಂದಳು.

ಕೋಪ ಬರಬೇಕಿತ್ತು, ಬರಲಿಲ್ಲ. ಅವನು ಮತ್ತೆ ಅದೇ ಮಾಡಿದ್ದಾನೆ, ನನಗಾಗಿ, ನೋಡಿಯೂ ನೋಡದವನ ಹಾಗೆ ಸಹಿ ಹಾಕಿದ್ದಾನೆ. ಮುಚ್ಚಳಗಳನ್ನು ಕೈಯಲ್ಲಿ ಹಿಡಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಬುಧವಾರ ಅವನು ಬರುತ್ತಾನೆ. ಬಂದರೆ ಇವನ್ನು ಅವನ ಮುಂದಿಟ್ಟು, ನೀನು ನೋಡಿ ಹೇಳು, ನಿನಗೆ ಕಂಡದ್ದನ್ನೇ ಹೇಳು ಅನ್ನಬೇಕು.